ಹೆಸರಿಡುವ ಮುನ್ನ

ಎಸ್‌ಪಿಜಿ ಎಂದರೇನು ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ದೆಹಲಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳಾದರೆ ಥಟ್ಟನೆ ‘ಪ್ರಧಾನಮಂತ್ರಿಯವರ ಕಾವಲು ಪಡೆ’ ಎಂದುಬಿಡುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆ ಮೂರಕ್ಷರಕ್ಕೆ ಬೇರೊಂದು ಅರ್ಥವೂ ಉಂಟೆಂದು ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ, ನಮ್ಮ ಸಂಘದ ದಸರಾ ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಾಗ.

ಮಾತು ಹೇಗೋ ಹೊರಳಿ ನಮ್ಮವರೊಬ್ಬರ ಮಗಳ ಕಡೆಗೆ ಬಂತು. ಹುಡುಗಿ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದಳು. ಜೊತೆಯಲ್ಲಿ ಕೆಲಸ ಮಾಡುವ ಆಸ್ಟ್ರೇಲಿಯಾದ ಹುಡುಗನನ್ನು ಮದುವೆಯಾಗಲಿದ್ದಾಳೆಂಬ ಸುದ್ದಿ ಅಷ್ಟರಲ್ಲಾಗಲೇ ಸಭಾಂಗಣದ ಮೂಲೆಮೂಲೆಗೂ ಹಬ್ಬಿತ್ತು. ಹಿಂದೆ ಕೆಲಕಾಲ ಅಲ್ಲಿದ್ದು ಬಂದ ಹಿರಿಯರೊಬ್ಬರು ನಗುತ್ತ, ‘ಅಲ್ಲಿ ಅಂಥ ಹುಡುಗಿಯರನ್ನು ಎಸ್‌ಪಿಜಿ ಅಂತಾರೆ’ ಎಂದರು. ನಾವು ಅರ್ಥ ಕೇಳಿದೆವು. ಅವರು ಬಿಡಿಸಿ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಿರುಗಿ ನೋಡಿದರೆ ಹುಡುಗಿಯ ತಾಯಿ ನನ್ನ ಬೆನ್ನ ಹಿಂದೆಯೇ ಕಾಫಿ ಲೋಟ ಹಿಡಿದು ನಿಂತಿದ್ದರು. ನನಗಿಂತ ನಾಲ್ಕು ವರ್ಷ ಹಿರಿಯರು. ಇಪ್ಪತ್ತು ವರ್ಷಗಳಿಂದ ಅವರನ್ನು ‘ಅಕ್ಕಾ’ ಎಂದೇ ಕರೆದವಳು ನಾನು. ಅವರು ಏನೂ ಹೇಳಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಎರಡು ವರ್ಷ ಸಂಘದ ಕಡೆ ತಲೆ ಹಾಕಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ನಕ್ಕ ನಗುವೂ ಹಾಗೆಯೇ ಎಂದು ನನಗೆ ಅಂದು ತಿಳಿಯಿತು. ಈ ಪದ ಎಲ್ಲಿಯದು, ಇದನ್ನು ಆಡಿದವರು ಯಾರು ಎಂದು ಹುಡುಕುತ್ತ ಹೋದೆ. ಹುಡುಕಿದಂತೆಲ್ಲ ಅದರ ಅಕ್ಕತಂಗಿಯರು ಒಬ್ಬೊಬ್ಬರಾಗಿ ಸಿಕ್ಕರು. ಜಪಾನಿನಲ್ಲೊಂದು, ಕೊರಿಯಾದಲ್ಲೊಂದು, ವಿಯೆಟ್ನಾಮಿನಲ್ಲೊಂದು. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಓದಿದ ಮೇಲೆ ನೀವೇ ತೂಗಿ ನೋಡಿ.

ಸರೋಂಗ್ ಉಡಿಸಿದ ಹೆಸರು

ಸರೋಂಗ್ ಎಂದರೆ ಮಲಯ ಜನ ಸೊಂಟಕ್ಕೆ ಸುತ್ತಿಕೊಳ್ಳುವ ವಸ್ತ್ರ, ನಮ್ಮ ಲುಂಗಿಯ ನೆಂಟ ಎನ್ನಿ. ಎಸ್‌ಪಿಜಿ ಎಂದರೆ ‘ಸರೋಂಗ್ ಪಾರ್ಟಿ ಗರ್ಲ್’. ಬಿಳಿಯ ಗಂಡಸರ ಜೊತೆಯಲ್ಲೇ ತಿರುಗಾಡುವ, ಅವರನ್ನೇ ಬಯಸುವ ಸ್ಥಳೀಯ ಹೆಣ್ಣಿಗೆ ಸಿಂಗಪುರದ ಆಡುಮಾತು ಅಂಟಿಸಿದ ಹೆಸರು ಇದು. ಹೆಸರಿನ ಜೊತೆಗೆ ಒಂದು ಚಿತ್ರವೂ ಬರುತ್ತದೆ. ಬಿಸಿಲಿಗೆ ಮೈಯೊಡ್ಡಿ ಬಣ್ಣ ಕಂದಿಸಿಕೊಂಡವಳು, ತುಂಡು ಬಟ್ಟೆಯವಳು, ನಾಲಗೆಯ ಮೇಲೆ ಎರವಲು ತಂದ ಇಂಗ್ಲಿಷ್ ಉಚ್ಚಾರ, ಕಣ್ಣೆಲ್ಲ ಅವನ ಹಣದ ಮೇಲೆ, ಅವನ ದೇಶದ ಮೇಲೆ. ಹುಡುಗಿ ಯಾರೇ ಆಗಿರಲಿ, ಪಕ್ಕದಲ್ಲಿ ಬಿಳಿಯನೊಬ್ಬ ಕಂಡರೆ ಸಾಕು, ಈ ಚಿತ್ರವನ್ನು ತಂದು ಅವಳ ಮುಖಕ್ಕೆ ಅಂಟಿಸಬಹುದು.

ಸಿಂಗಪುರದಲ್ಲಿ 1819ರಲ್ಲಿ ಬ್ರಿಟಿಷರು ಕಾಲೂರಿದರು. ಸ್ವಾತಂತ್ರ್ಯ ಬಂದ ಮೇಲೂ 1971ರ ತನಕ ಅವರ ಸೈನ್ಯ ಅಲ್ಲಿತ್ತು. ಆಮೇಲೆ ಬಂದವರು ಬ್ಯಾಂಕು, ತೈಲ ಕಂಪನಿ, ಜಾಹೀರಾತು ಸಂಸ್ಥೆಗಳ ವಿದೇಶಿ ಅಧಿಕಾರಿಗಳು. ಬಿಳಿಯ ಗಂಡಸು, ಕೈಯಲ್ಲಿ ಹೆಚ್ಚು ಸಂಬಳ, ಪಕ್ಕದಲ್ಲಿ ಸ್ಥಳೀಯ ಹೆಣ್ಣು: ಈ ದೃಶ್ಯ ಊರಿನವರ ಕಣ್ಣಿಗೆ ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. 1994ರಲ್ಲಿ ಜಿಮ್ ಐಚಿಸನ್ ಎಂಬುವರು ಇಂಥ ಹುಡುಗಿಯರ ಕುರಿತ ‘ಅಧಿಕೃತ ಕೈಪಿಡಿ’ ಎಂದೇ ಒಂದು ನಗೆಪುಸ್ತಕ ಬರೆದರು. ಸಿಂಗಪುರದಲ್ಲೇ ಹುಟ್ಟಿ ಬೆಳೆದ ಶೆರಿಲ್ ಲು-ಲಿಯೆನ್ ಟ್ಯಾನ್ 2016ರಲ್ಲಿ ಅದೇ ಹೆಸರಿನ ಕಾದಂಬರಿ ಬರೆದಾಗ, ಕಥೆ ಹೇಳುವ ಕೆಲಸವನ್ನು ಅಂಥ ಹುಡುಗಿಯೊಬ್ಬಳ ಬಾಯಿಗೇ ಕೊಟ್ಟರು, ಅದೂ ಅಲ್ಲಿಯ ಬೀದಿಯ ಇಂಗ್ಲಿಷಿನಲ್ಲಿ. ಅವಳ ಮಾತು ಕೇಳುತ್ತ ಹೋದರೆ ಆ ಊರಿನ ಗಂಡಸರು ಹೇಗಿದ್ದಾರೆ, ಅವಳಿಗೆ ಅವರು ಏಕೆ ಬೇಡವಾದರು ಎಂಬುದೂ ಕೇಳಿಸುತ್ತದೆ.

ಸಿಂಗಪುರದಲ್ಲಿ ಇನ್ನೂ ಒಂದು ಮಾತಿದೆ: ‘ಪಿಂಕರ್ಟನ್ ಸಿಂಡ್ರೋಮ್’. ಬಿಳಿಯರೆಂದರೆ ಮರುಳಾಗುವ ರೋಗ ಎಂದು ಅರ್ಥ. ಇದನ್ನೂ ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಅಂಟಿಸುತ್ತಾರೆ. ಈ ಪಿಂಕರ್ಟನ್ ಯಾರು ಗೊತ್ತೇ? ಇಟಲಿಯ ಪುಚ್ಚೀನಿ 1904ರಲ್ಲಿ ರಚಿಸಿದ ‘ಮದಾಮಾ ಬಟರ್‌ಫ್ಲೈ’ ಎಂಬ ಸಂಗೀತ ನಾಟಕದ ಒಬ್ಬ ಪಾತ್ರಧಾರಿ. ಅಮೆರಿಕದ ನೌಕಾಸೇನೆಯ ಅಧಿಕಾರಿ. ನಾಗಸಾಕಿಗೆ ಬಂದು ಹದಿನೈದು ವರ್ಷದ ಜಪಾನಿ ಹುಡುಗಿಯನ್ನು ಮದುವೆಯಾಗುತ್ತಾನೆ, ಯಾವಾಗ ಬೇಕಾದರೂ ಕಳಚಿಕೊಳ್ಳಬಹುದೆಂದು ಮೊದಲೇ ಲೆಕ್ಕ ಹಾಕಿರುತ್ತಾನೆ. ಅವಳು ಮೂರು ವರ್ಷ ಮಗುವನ್ನಿಟ್ಟುಕೊಂಡು ದಾರಿ ಕಾಯುತ್ತಾಳೆ. ಅವನು ಅಮೆರಿಕದ ಹೆಂಡತಿಯೊಂದಿಗೆ ಮರಳಿ ಬರುತ್ತಾನೆ, ಮಗುವನ್ನು ಕೇಳಲು. ಅವಳು ಪ್ರಾಣ ಬಿಡುತ್ತಾಳೆ.

ಮೋಸ ಮಾಡಿದವನು ಪಿಂಕರ್ಟನ್. ಅವನ ಹೆಸರಿನಲ್ಲಿ ರೋಗ ಹುಟ್ಟಿದ್ದು ಹೆಂಗಸರಿಗೆ! ಮುಳ್ಳು ಸೀರೆಯ ಮೇಲೆ ಬಿದ್ದರೂ, ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ನೆನಪಾಗುವುದಿಲ್ಲವೇ?

ಹಳದಿ ಟ್ಯಾಕ್ಸಿಯ ಕಥೆ

ಈಗ ಜಪಾನಿಗೆ ಬನ್ನಿ. 1985ರ ನಂತರ ಡಾಲರಿನ ಎದುರು ಅಲ್ಲಿಯ ಯೆನ್ ಬೆಲೆ ಏರಿತು. ಆಫೀಸುಗಳಲ್ಲಿ ದುಡಿಯುವ ಹುಡುಗಿಯರ ಕೈಯಲ್ಲೂ ಕಾಸಾಡಿತು. ಅವರು ಹವಾಯಿ, ಬಾಲಿ, ನ್ಯೂಯಾರ್ಕ್ ಎಂದು ತಮ್ಮ ಸ್ವಂತ ಹಣದಲ್ಲಿ ಪ್ರವಾಸ ಹೊರಟರು. ಕೆಲವರಿಗೆ ಅಲ್ಲಿ ಗೆಳೆಯರು ಸಿಕ್ಕಿರಬಹುದು. ಅಷ್ಟಕ್ಕೇ ತವರಿನ ವಾರಪತ್ರಿಕೆಗಳಲ್ಲಿ ಒಂದು ಪದ ಕಾಣಿಸಿಕೊಂಡಿತು: ‘ಯೆಲ್ಲೋ ಕ್ಯಾಬ್’. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಗೆ ಯಾರು ಕೈಯೆತ್ತಿದರೂ ನಿಲ್ಲುತ್ತದೆ, ಯಾರು ಬೇಕಾದರೂ ಹತ್ತಬಹುದು. ಹಳದಿ ಚರ್ಮದ ಜಪಾನಿ ಹುಡುಗಿಯೂ ಹಾಗೆಯೇ ಎಂದು ಅದರ ಇಂಗಿತ. 1991ರಲ್ಲಿ ಶೋಕೊ ಇಯೆದಾ ಎಂಬ ಲೇಖಕಿ ಇದೇ ಹೆಸರಿನ ಪುಸ್ತಕ ಬರೆದ ಮೇಲಂತೂ ಪದ ದೇಶದ ತುಂಬ ಮನೆಮಾತಾಯಿತು. ಅಮೆರಿಕದವರೇ ನಮ್ಮ ಹೆಣ್ಣುಮಕ್ಕಳನ್ನು ಹೀಗೆ ಕರೆಯುತ್ತಿದ್ದಾರೆ, ದೇಶದ ಮಾನ ಹೋಯಿತು ಎಂದು ಗುಲ್ಲೆದ್ದಿತು.

ಆಗ ನ್ಯೂಯಾರ್ಕಿನಲ್ಲಿಯೇ ನೆಲೆಸಿ ದುಡಿಯುತ್ತಿದ್ದ ಕೆಲವು ಜಪಾನಿ ಮಹಿಳೆಯರು ಒಟ್ಟುಗೂಡಿದರು. ಈ ಪದ ನಿಜವಾಗಿಯೂ ಇಲ್ಲಿ ಬಳಕೆಯಲ್ಲಿದೆಯೇ ಎಂದು ವಿಚಾರಿಸಿದರು. ಅಮೆರಿಕದವರಿಗೆ ಯೆಲ್ಲೋ ಕ್ಯಾಬ್ ಎಂದರೆ ಟ್ಯಾಕ್ಸಿ, ಅಷ್ಟೇ. ಪದ ಬೆಳೆದದ್ದು ಜಪಾನಿನ ಪತ್ರಿಕೆಗಳಲ್ಲಿ, ದೂರದರ್ಶನದ ಪರದೆಯಲ್ಲಿ ಎಂದು ಅವರು ವಾದಿಸಿದರು. ಅಮೆರಿಕದ ವಿದ್ವಾಂಸೆ ಕ್ಯಾರೆನ್ ಕೆಲ್ಸ್ಕಿ 2001ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ವಿವರವಾಗಿ ಚರ್ಚಿಸಿದ್ದಾರೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ತವರಿನವರೇ ಬೈಗುಳ ಕಟ್ಟಿದರು, ಅದನ್ನು ಹೊರಗಿನವರ ಬಾಯಿಗೆ ತುರುಕಿದರು, ಆಮೇಲೆ ‘ನೋಡಿ, ಅವರು ನಿಮ್ಮನ್ನು ಹೀಗೆನ್ನುತ್ತಾರೆ’ ಎಂದು ಹುಡುಗಿಯರನ್ನು ಹೆದರಿಸಿದರು. ಓಣಿಯಲ್ಲಿ ‘ನಾನಲ್ಲಮ್ಮ, ಜನ ಆಡಿಕೊಳ್ತಾರೆ’ ಎನ್ನುವವರನ್ನು ನೀವೂ ಕಂಡಿರಬೇಕು. ಆ ‘ಜನ’ ಎಂಬುವರು ಎಲ್ಲಿರುತ್ತಾರೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಅದೇ ಕಾಲದಲ್ಲಿ ಜಪಾನಿನ ಗಂಡಸರು ಏನು ಮಾಡುತ್ತಿದ್ದರು? 1970ರ ದಶಕದಿಂದಲೇ ಅವರು ಗುಂಪುಗುಂಪಾಗಿ ಸೋಲ್, ಮನಿಲಾ, ಬ್ಯಾಂಕಾಕ್‌ಗಳಿಗೆ ‘ಪ್ರವಾಸ’ ಹೋಗುತ್ತಿದ್ದರು. ಹೋಗುತ್ತಿದ್ದ ಕಾರಣ ಎಲ್ಲರಿಗೂ ಗೊತ್ತಿತ್ತು. 1973ರಲ್ಲಿ ಕೊರಿಯಾದ ವಿದ್ಯಾರ್ಥಿನಿಯರು ವಿಮಾನ ನಿಲ್ದಾಣದಲ್ಲೇ ನಿಂತು ಇದನ್ನು ಪ್ರತಿಭಟಿಸಿದ್ದರು. ಆದರೆ ಆ ಗಂಡಸರನ್ನು ಯಾರೂ ಟ್ಯಾಕ್ಸಿ ಎನ್ನಲಿಲ್ಲ. 

ದುಡಿಸಿಕೊಂಡವರೇ ದೂರಿದರು

ಸ್ವಲ್ಪ ಹಿಂದಕ್ಕೆ ಹೋದರೆ ಈ ಹೆಸರುಗಳ ಬೇರು ಇನ್ನಷ್ಟು ಸ್ಪಷ್ಟವಾಗುತ್ತದೆ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಅಮೆರಿಕದ ಸೈನ್ಯ ಬರುವ ಮುಂಚೆಯೇ ಜಪಾನ್ ಸರ್ಕಾರ ಮಾಡಿದ ಏರ್ಪಾಡುಗಳಲ್ಲಿ ಒಂದು, ಆ ಸೈನಿಕರಿಗಾಗಿ ವೇಶ್ಯಾಗೃಹಗಳ ವ್ಯವಸ್ಥೆ. ‘ಒಳ್ಳೆಯ ಮನೆತನದ’ ಹೆಂಗಸರ ಮಾನ ಉಳಿಯಲೆಂದು ಬಡ ಹೆಣ್ಣುಮಕ್ಕಳನ್ನು ಕರೆತಂದು ತಡೆಗೋಡೆಯಂತೆ ನಿಲ್ಲಿಸಿದರು. 1946ರಲ್ಲಿ ಅವು ಮುಚ್ಚಿದಾಗ ಅವರಲ್ಲಿ ಅನೇಕರು ಬೀದಿಗೆ ಬಿದ್ದರು. ಸೈನಿಕರ ಜೊತೆ ಕಂಡ ಹೆಂಗಸರಿಗೆ ‘ಪಾನ್‌ಪಾನ್’ ಎಂಬ ಹೆಸರು ಬಿತ್ತು. ಸೈನಿಕನನ್ನು ಪ್ರೀತಿಸಿ ಮದುವೆಯಾಗಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳೂ ಈ ಹೆಸರಿನ ಕೆಸರಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಕೊರಿಯಾದಲ್ಲಿ ‘ಯಾಂಗ್‌ಗೊಂಗ್‌ಜು’ ಎನ್ನುತ್ತಾರೆ. ಪದಶಃ ಅರ್ಥ ‘ಪಾಶ್ಚಾತ್ಯ ರಾಜಕುಮಾರಿ’. ಕೇಳಲು ಎಷ್ಟು ಚೆಂದ! ಆದರೆ ಅದನ್ನು ಉಗುಳುವಂತೆ ಹೇಳುತ್ತಿದ್ದರು. 1950ರಿಂದ 53ರವರೆಗೆ ನಡೆದ ಯುದ್ಧದ ನಂತರ ಅಮೆರಿಕದ ಸೇನಾ ನೆಲೆಗಳ ಸುತ್ತ ಊರುಗಳೇ ಹುಟ್ಟಿಕೊಂಡವು. ಅಲ್ಲಿ ಬದುಕಿದ ಹೆಂಗಸರು ತಂದ ಡಾಲರು ದೇಶಕ್ಕೆ ಬೇಕಿತ್ತು. ಅಧಿಕಾರಿಗಳೇ ಬಂದು ಅವರನ್ನು ದೇಶಭಕ್ತೆಯರೆಂದು ಹೊಗಳಿ ಭಾಷಣ ಮಾಡುತ್ತಿದ್ದರು. ಬೀದಿಗೆ ಬಂದರೆ ಮಾತ್ರ ಅದೇ ‘ರಾಜಕುಮಾರಿ’. ಮುಪ್ಪಿನಲ್ಲಿ ಆ ಹೆಂಗಸರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. 2022ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ಈ ದಂಧೆಗೆ ಕುಮ್ಮಕ್ಕು ಕೊಟ್ಟದ್ದು ಸರ್ಕಾರವೇ, ಪರಿಹಾರ ಕೊಡಲಿ ಎಂದು. ಅಷ್ಟು ಹೊತ್ತಿಗೆ ಅವರ ಕೂದಲು ಬೆಳ್ಳಗಾಗಿತ್ತು.

ವಿಯೆಟ್ನಾಮಿನಲ್ಲಿ ಫ್ರೆಂಚರ ಕಾಲದಲ್ಲಿ ಅಂಥ ಹೆಂಗಸರನ್ನು ‘ಮೆ ತೈ’ ಎನ್ನುತ್ತಿದ್ದರು. ವು ತ್ರೊಂಗ್ ಫುಂಗ್ ಎಂಬ ಪತ್ರಕರ್ತ 1934ರಲ್ಲಿ ಫ್ರೆಂಚ್ ಸೈನಿಕರ ನೆಲೆಯೊಂದರ ಸುತ್ತ ಓಡಾಡಿ ಇವರ ಬದುಕನ್ನು ವರದಿ ಮಾಡಿದ. ಆ ಬರಹಕ್ಕೆ ಅವನಿಟ್ಟ ಹೆಸರು ‘ಪಾಶ್ಚಾತ್ಯರನ್ನು ಮದುವೆಯಾಗುವ ಉದ್ಯಮ’. ಇಂಡೋನೇಷ್ಯಾದಲ್ಲಿ ಡಚ್ಚರ ಮನೆಯಲ್ಲಿ ಮದುವೆಯಿಲ್ಲದೆ ಹೆಂಡತಿಯಾಗಿದ್ದವಳು ‘ನ್ಯಾಯಿ’. ಪ್ರಮುದ್ಯ ಅನಂತ ತುರ್ ಅವರ ‘ಬೂಮಿ ಮನುಸಿಯಾ’ ಕಾದಂಬರಿಯ ನ್ಯಾಯಿಯನ್ನು ಎಳೆಯ ವಯಸ್ಸಿನಲ್ಲೇ ತಂದೆ ಡಚ್ ಅಧಿಕಾರಿಗೆ ಮಾರಿರುತ್ತಾನೆ. ಅವಳು ಓದು ಕಲಿಯುತ್ತಾಳೆ, ಅವನ ವ್ಯವಹಾರವನ್ನೆಲ್ಲ ತಾನೇ ನಡೆಸುತ್ತಾಳೆ. ಕೊನೆಗೆ ಹೆತ್ತ ಮಗಳ ಮೇಲೂ ಅವಳಿಗೆ ಹಕ್ಕಿಲ್ಲವೆಂದು ಡಚ್ಚರ ನ್ಯಾಯಾಲಯ ಹೇಳುತ್ತದೆ. ಬೂರು ದ್ವೀಪದ ಸೆರೆಯಲ್ಲಿ ಬರೆಯಲು ಬಿಡದಿದ್ದಾಗ ಲೇಖಕರು ಈ ಕಥೆಯನ್ನು ಜೊತೆಯ ಕೈದಿಗಳಿಗೆ ಬಾಯಲ್ಲೇ ಹೇಳಿದ್ದರು. 1980ರಲ್ಲಿ ಅಚ್ಚಾಯಿತು, ಮರುವರ್ಷ ಸರ್ಕಾರ ಅದನ್ನು ನಿಷೇಧಿಸಿತು.

ಥಾಯ್ಲೆಂಡಿನ ಈಸಾನ್ ಪ್ರಾಂತದಲ್ಲಿ ಇಂದಿಗೂ ‘ಮಿಯಾ ಫರಂಗ್’ ಎಂಬ ಮಾತು ಕೇಳುತ್ತದೆ. ಮಿಯಾ ಎಂದರೆ ಹೆಂಡತಿ. ಫರಂಗ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ, ಅವನು ನಮ್ಮ ಪರಂಗಿಯೇ. ಪರದೇಶದಿಂದ ಬಂದ ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎಂದೆವು, ಥಾಯ್ ಜನ ಸೀಬೆಹಣ್ಣಿಗೆ ಫರಂಗ್ ಎಂದರು. ಹಣ್ಣು ಎರಡೂ ಕಡೆ ಮನೆಯದಾಗಿ ಹೋಯಿತು. ಹೆಂಗಸಿಗೆ ಮಾತ್ರ ಇನ್ನೂ ಆ ಹೆಸರು ಅಂಟಿಕೊಂಡಿದೆ. ಅವಳು ಕಳಿಸುವ ಹಣದಿಂದ ಹಳ್ಳಿಯಲ್ಲಿ ತಾರಸಿ ಮನೆ ಏಳುತ್ತದೆ, ತಮ್ಮಂದಿರ ಓದು ನಡೆಯುತ್ತದೆ. ಮನೆಯ ನೆರಳಲ್ಲಿ ಕೂತವರೇ ಅವಳನ್ನು ಆಡಿಕೊಳ್ಳುತ್ತಾರೆ.

ಹುಡುಗಿಗೆ ಶೀಲ, ಗಂಡಿಗೆ ಜ್ವರ

ಪಾಶ್ಚಾತ್ಯರ ಕಡೆಯಿಂದಲೂ ಇದೇ ಕಥೆಯ ಇನ್ನೊಂದು ಮುಖವಿದೆ. ಅಮೆರಿಕ 1875ರಲ್ಲಿ ಮಾಡಿದ ಪೇಜ್ ಕಾಯ್ದೆಯ ಹೆಸರಿನಲ್ಲಿ ಚೀನಾದಿಂದ ಬರುವ ಹೆಂಗಸರನ್ನೆಲ್ಲ ವೇಶ್ಯೆಯರಿರಬಹುದೆಂಬ ಅನುಮಾನದಿಂದಲೇ ನೋಡಿ ತಡೆಯಲಾಯಿತು. ಬಿಳಿಯರು ಏಷ್ಯಾದವರನ್ನು ಮದುವೆಯಾಗುವುದು ಆ ದೇಶದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. 1967ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಇಂಥ ಕಾಯ್ದೆಗಳನ್ನು ಕಿತ್ತುಹಾಕಿತು. ಇತ್ತ ಚಿತ್ರಮಂದಿರಗಳಲ್ಲಿ, ನಾಟಕಶಾಲೆಗಳಲ್ಲಿ ಬಟರ್‌ಫ್ಲೈ ಮತ್ತೆ ಮತ್ತೆ ಹುಟ್ಟಿ ಬಂದಳು. 1960ರಲ್ಲಿ ಹಾಂಗ್‌ಕಾಂಗಿನ ಸೂಸಿ ವಾಂಗ್ ಆಗಿ, 1989ರಲ್ಲಿ ‘ಮಿಸ್ ಸೈಗಾನ್’ ಆಗಿ. ಒಂದೋ ಪಾದಕ್ಕೆ ಬೀಳುವವಳು, ಇಲ್ಲವೇ ಬಲೆಗೆ ಬೀಳಿಸುವವಳು. ನಡುವೆ ಸಾಧಾರಣ ಹೆಂಗಸಿಗೆ ಜಾಗವೇ ಇಲ್ಲ.

ಏಷ್ಯಾದ ಹೆಂಗಸರ ಹಿಂದೆ ಬೀಳುವ ಬಿಳಿಯ ಗಂಡಸಿಗೂ ಇಂಗ್ಲಿಷಿನಲ್ಲಿ ಒಂದು ಅಡ್ಡಹೆಸರಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅವನಿಗೆ ‘ಯೆಲ್ಲೋ ಫೀವರ್’ ಬಂದಿದೆ ಎನ್ನುತ್ತಾರೆ. ವ್ಯತ್ಯಾಸ ಗಮನಿಸಿ. ಅವಳದು ಶೀಲದ ಪ್ರಶ್ನೆ, ಅವನದು ಬರೀ ಜ್ವರ. ಜ್ವರ ಬಂದವನನ್ನು ಯಾರು ಬೈಯುತ್ತಾರೆ?

ಈ ಹಾಸ್ಯ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. 2021ರ ಮಾರ್ಚ್ 16ರಂದು ಅಮೆರಿಕದ ಅಟ್ಲಾಂಟಾ ಪ್ರದೇಶದಲ್ಲಿ ಒಬ್ಬ ಬಿಳಿಯ ಯುವಕ ಮಸಾಜ್ ಅಂಗಡಿಗಳಿಗೆ ನುಗ್ಗಿ ಎಂಟು ಮಂದಿಯನ್ನು ಗುಂಡಿಕ್ಕಿ ಕೊಂದ. ಅವರಲ್ಲಿ ಆರು ಮಂದಿ ಏಷ್ಯಾ ಮೂಲದ ಹೆಂಗಸರು. ತನ್ನನ್ನು ಸೆಳೆಯುವ ಆಮಿಷವನ್ನು ತೊಡೆದುಹಾಕಲು ಹೀಗೆ ಮಾಡಿದೆ ಎಂದು ಅವನು ಪೊಲೀಸರಿಗೆ ಹೇಳಿದ. ಹೊತ್ತು ಮುಳುಗುವ ತನಕ ದುಡಿದು ಮನೆಗೆ ಹಣ ಕಳಿಸುತ್ತಿದ್ದವರು ಅವನ ಕಣ್ಣಿಗೆ ಬರೀ ‘ಆಮಿಷ’ವಾಗಿ ಕಂಡರು.

ನಮ್ಮ ಮನೆಯ ದೀಪ

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮಲ್ಲಿ ಹೀಗಿಲ್ಲ ಎನ್ನಬೇಡಿ. ಹೈದರಾಬಾದಿನ ಕನ್ನಡಿಗರು ಕೋಠಿಯ ಕಡೆ ಹೋದಾಗ ಎತ್ತರದ ಕಂಬಗಳ ಹಳೆಯ ರೆಸಿಡೆನ್ಸಿ ಕಟ್ಟಡವನ್ನು ನೋಡಿರುತ್ತೀರಿ. ಬಹುಕಾಲ ಮಹಿಳಾ ಕಾಲೇಜಾಗಿದ್ದ ಜಾಗ ಅದು. ಅದನ್ನು ಕಟ್ಟಿಸಿದವನು ಕಂಪನಿ ಸರ್ಕಾರದ ರೆಸಿಡೆಂಟ್ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್. ನಿಜಾಮರ ದರ್ಬಾರಿಗೆ ಸೇರಿದ ಕುಲೀನ ಮನೆತನದ ಖೈರುನ್ನೀಸಾಳನ್ನು ಅವನು ಮದುವೆಯಾದ. ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆಗೆ ಆಜ್ಞೆ ಮಾಡಿದ. 1805ರಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದರು. ಅದೇ ವರ್ಷ ಅವನು ಸತ್ತ. ಖೈರುನ್ನೀಸಾ ಮತ್ತೆಂದೂ ತನ್ನ ಮಕ್ಕಳ ಮುಖ ಕಾಣಲಿಲ್ಲ. 1813ರಲ್ಲಿ ತೀರಿಹೋದಳು. ಅವಳು ಮದುವೆಯಾಗಿದ್ದಳು, ಮನೆತನದವಳಾಗಿದ್ದಳು. ಆದರೂ ಬಿಳಿಯರ ಬಾಯಲ್ಲಿ ಅವಳಂಥವರೆಲ್ಲ ‘ಬೀಬಿ’ಗಳೇ.

ಕಾನೂನಿನ ಕಣ್ಣೂ ಹೀಗೆಯೇ ಓರೆಯಾಗಿತ್ತು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾದರೆ ಭಾರತದ ಪೌರತ್ವ ಸಿಗುತ್ತಿತ್ತು. ತಾಯಿ ಮಾತ್ರ ಭಾರತೀಯಳಾದರೆ ಸಿಗುತ್ತಿರಲಿಲ್ಲ. 1992ರ ತಿದ್ದುಪಡಿ ಬಂದ ಮೇಲೆ ಇದು ಸರಿಯಾಯಿತು. ಜಪಾನಿನಲ್ಲಿ 1985ರಲ್ಲಿ, ಸಿಂಗಪುರದಲ್ಲಿ 2004ರಲ್ಲಿ ಇಂಥದೇ ಬದಲಾವಣೆಗಳಾದವು. ಅಲ್ಲಿಯ ತನಕ ಮಗ ಹೊರಗಿನವಳನ್ನು ತಂದರೆ ಕುಟುಂಬ ಬೆಳೆಯಿತು, ಮಗಳು ಹೊರಗಿನವನನ್ನು ಕೂಡಿದರೆ ಕುಟುಂಬದಿಂದ ಹೋದಳು ಎಂಬುದೇ ಲೆಕ್ಕ.

ನಮ್ಮ ಲೆಕ್ಕ ಬೇರೆಯೇ? ಎದೆ ಮುಟ್ಟಿಕೊಂಡು ಹೇಳಿ. ಸಂಘದ ಸದಸ್ಯರೊಬ್ಬರ ಮಗ ಅಮೆರಿಕದ ಹುಡುಗಿಯನ್ನು ಮದುವೆಯಾಗಿ ಬಂದಾಗ ನಾವೇನು ಮಾಡಿದೆವು? ಸೊಸೆಗೆ ರೇಷ್ಮೆ ಸೀರೆ ಉಡಿಸಿ, ಹಣೆಗೆ ಕುಂಕುಮವಿಟ್ಟು ವೇದಿಕೆಯ ಮೇಲೆ ಕೂರಿಸಿದೆವು. ಅವಳು ‘ಎಲ್ಲರಿಗೂ ನಮಸ್ಕಾರ’ ಎಂದಾಗ ಚಪ್ಪಾಳೆ ತಟ್ಟಿದೆವು. ಫೋಟೋ ಇದೇ ಪತ್ರಿಕೆಯ ಒಳಪುಟದಲ್ಲಿ ಬಂತು. ‘ಮೊಮ್ಮಗು ಹಾಲಿನ ಬಣ್ಣ ಬರುತ್ತೆ ಬಿಡಿ’ ಎಂದವರೂ ಇದ್ದರು. ಆ ಹುಡುಗನ ಗುಣನಡತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಅವನಿಗೆ ಮೂರಕ್ಷರದ ಹೆಸರೂ ಬೀಳಲಿಲ್ಲ.

ಇನ್ನು ಬಿಳಿ ಚರ್ಮದ ಮೋಹದ ಮಾತು. ಆ ಮೋಹ ಇಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ಹುಡುಗಿಯರಲ್ಲಿ ಇದೆ, ಹುಡುಗರಲ್ಲೂ ಇದೆ. ಆದರೆ ಅದನ್ನು ಕಲಿಸಿದವರು ಯಾರು? ಭಾನುವಾರದ ಪತ್ರಿಕೆ ತೆರೆದು ವಧೂವರರ ಜಾಹೀರಾತು ನೋಡಿ: ‘ಬೆಳ್ಳಗಿನ, ಲಕ್ಷಣವಾದ ವಧು ಬೇಕು’. ಈ ಸಾಲು ಬರೆಸುವವರು ಗಂಡಿನ ಅಪ್ಪ ಅಮ್ಮಂದಿರು. 1975ರಿಂದ ಮನೆಮನೆಯಲ್ಲಿ ಮೆತ್ತಿಕೊಂಡ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ. ಕೂಸಿಗೆ ಕಡಲೆಹಿಟ್ಟು ತಿಕ್ಕುವಾಗಿನಿಂದ ನಾವೇ ಬಿಳಿಯ ಪೂಜೆ ಮಾಡಿಸಿ, ದೊಡ್ಡವಳಾದ ಮೇಲೆ ‘ನಿನಗೆ ಬಿಳಿಯರ ಹುಚ್ಚು’ ಎಂದು ಅವಳೊಬ್ಬಳನ್ನೇ ಬೈದರೆ ನ್ಯಾಯವೇ?

ಹೊರಗಿನವನನ್ನು ಒಪ್ಪಿದವಳಿಗೆ ಕಾರಣ ನೂರಿರಬಹುದು. ಪ್ರೀತಿ ಇರಬಹುದು. ಬೇರೆ ಸಂಸಾರ ಹೂಡುವ ಆಸೆ, ವರದಕ್ಷಿಣೆಯ ಮಾತಿಲ್ಲದ ಮನೆ, ಕೆಲಸ ಬಿಡೆಂದು ಹೇಳದ ಗಂಡ ಬೇಕೆನಿಸಿರಬಹುದು. ಹಣದಾಸೆಯೂ ಇರಬಹುದು, ನಮ್ಮವರಲ್ಲೇ ನಡೆಯುವ ಮದುವೆಗಳಲ್ಲಿ ಅದಿಲ್ಲವೇ? ತಪ್ಪು ಆಯ್ಕೆಯಾಗಿ ಕಣ್ಣೀರಿಡುವವರೂ ಉಂಟು. ಅಂಥವಳು ತವರಿಗೆ ಬರಲು ಹಿಂಜರಿಯುವುದು ಯಾವುದರಿಂದ ಎಂದು ಯೋಚಿಸಿ. ನಾವು ಅವಳಿಗೆ ಇಟ್ಟ ಹೆಸರು ಅವಳಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತದೆ.

ಅಕ್ಕ ಹೇಳಿದ್ದು

ಎರಡು ವರ್ಷವಾದ ಮೇಲೆ ಧೈರ್ಯ ಮಾಡಿ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದವರು ಒಳಗೆ ಕರೆದರು, ಕಾಫಿ ಕೊಟ್ಟರು. ‘ಅಕ್ಕಾ, ಅವತ್ತು ನಾನು ನಕ್ಕಿದ್ದು ತಪ್ಪಾಯ್ತು’ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ನೀನು ನಕ್ಕಿದ್ದನ್ನು ನಾನು ಆವತ್ತೇ ಮರೆತೆ ಕಣೇ. ನನ್ನನ್ನು ತಿಂದಿದ್ದು ಅದಲ್ಲ. ಮನೆಗೆ ಬಂದು ಆ ರಾತ್ರಿಯೇ ಮಗಳಿಗೆ ಫೋನ್ ಮಾಡಿದೆ. ನಮ್ಮವರು ಯಾರೂ ಸಿಗಲಿಲ್ಲವಾ ನಿನಗೆ, ಅವನನ್ನೇ ಯಾಕೆ ಹುಡುಕಿಕೊಂಡೆ, ಜನ ಏನಂತಾರೆ ಗೊತ್ತಾ ಅಂತ ಆ ಪದವನ್ನೇ ಅವಳ ಮುಂದೆ ಆಡಿಬಿಟ್ಟೆ. ಅವಳು ಆ ಪದವನ್ನು ಅಲ್ಲಿ ಟ್ಯಾಕ್ಸಿಯವನ ಬಾಯಲ್ಲಿ ಒಂದು ಸಲ ಕೇಳಿದ್ದಳಂತೆ. ಅವನು ಅಂದಾಗ ಅಳು ಬರಲಿಲ್ಲ ಅಮ್ಮ ಅಂದಳು. ಆಮೇಲೆ ಏಳು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮದುವೆಗೆ ನಾನು ಹೋಗಲಿಲ್ಲ. ಫೋಟೋ ನೋಡಿದೆ ಅಷ್ಟೆ.’

ನನ್ನ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಸಭಾಂಗಣದ ಮೂಲೆಯಲ್ಲಿ ಉಪ್ಪಿಟ್ಟಿನ ಜೊತೆ ಆಡಿದ ಒಂದು ಮಾತು ಆ ರಾತ್ರಿಯೇ ಸಮುದ್ರ ದಾಟಿ, ತಾಯಿಯ ಬಾಯಿಂದಲೇ ಮಗಳ ಕಿವಿಗೆ ಬಿದ್ದಿತ್ತು.

ಈಗ ತಾಯಿ ಮಗಳು ಮಾತಾಡುತ್ತಾರೆ. ಅಕ್ಕ ಒಮ್ಮೆ ಸಿಂಗಪುರಕ್ಕೂ ಹೋಗಿಬಂದರು. ಆದರೆ ಕಳೆದುಹೋದ ಮದುವೆಯ ದಿನವನ್ನು ಯಾರು ತಂದುಕೊಡುತ್ತಾರೆ?

ಮುಂಬಯಿಯಲ್ಲಿ ಇಷ್ಟು ವರ್ಷವಿದ್ದ ನಮಗೆ ಮರಾಠಿಯ ‘ನಾಂವ ಠೇವಣೆ’ ಎಂಬ ಮಾತು ಚೆನ್ನಾಗಿ ಗೊತ್ತು. ತೊಟ್ಟಿಲ ಕೂಸಿಗೆ ಹೆಸರಿಡುವುದಕ್ಕೂ ಅದೇ ಮಾತು, ಇನ್ನೊಬ್ಬರಲ್ಲಿ ಹುಳುಕು ತೆಗೆಯುವುದಕ್ಕೂ ಅದೇ ಮಾತು. ನಮ್ಮ ಹೆಣ್ಣುಮಕ್ಕಳಿಗೆ ತೊಟ್ಟಿಲಲ್ಲಿ ನಾವು ಒಂದು ಹೆಸರಿಟ್ಟಿದ್ದೇವೆ, ಸೋದರತ್ತೆಯ ಕೈಯಿಂದ ಕಿವಿಯಲ್ಲಿ ಕೂಗಿಸಿದ್ದೇವೆ. ಅದು ಸಾಕು.

ಮುಂದಿನ ಸಲ ಸಂಘದಲ್ಲಿ ತಟ್ಟೆ ಹಿಡಿದು ನಿಂತಾಗ ಯಾರದೋ ಮಗಳ ಮಾತು ಬಂದೇ ಬರುತ್ತದೆ. ಆಗ ಅವಳನ್ನು ಅವಳ ಹೆಸರಿನಿಂದಲೇ ಕರೆಯಿರಿ. ಯಾರಾದರೂ ಬೇರೆ ಹೆಸರು ಹೇಳಿ ನಕ್ಕರೆ ನೀವು ನಗಬೇಡಿ. ವಾದ ಮಾಡಬೇಕೆಂದೇನಿಲ್ಲ, ಸುಮ್ಮನೆ ನಗದೆ ನಿಂತರೂ ಸಾಕು. ಮತ್ತು ಒಮ್ಮೆ ಹಿಂದೆ ತಿರುಗಿ ನೋಡಿ, ಅವಳ ತಾಯಿ ಅಲ್ಲಿ ನಿಂತಿರಬಹುದು.